ಗೊತ್ತಾದ ಮೇಲೆ ಏನು?
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ಗೆಳೆಯರೆ,

ಫೇಸ್‌ಬುಕ್ಕಿನಲ್ಲಿ ಬರೆದರೆ, ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದರೆ ಜಾತಿ ಹೋಗುತ್ತಾ ಅಂತ ನಮ್ಮನ್ನು ಕೇಳುವವರಿದ್ದಾರೆ. ಸುಮ್ಮನಿದ್ದರೆ ಹೋಗುತ್ತಾ ಅಂತ ನಾವೂ ಕೇಳಬಹುದು. ಆದರೆ ನಾವು ಯೋಚಿಸಬೇಕಾದ್ದು ಬೇರೆ. ಎಲ್ಲರಿಗೂ ಗೊತ್ತಾದ ಮೇಲೆ ಏನು ನಡೆಯುತ್ತೆ?

ಮಹಾಡನ್ನು ನೋಡಿ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಮುಂಬೈ ಶಾಸನ ಸಭೆ 1923ರಲ್ಲೇ ಠರಾವು ಮಾಡಿತು. ಮಹಾಡದ ಪುರಸಭೆಯೂ 1924ರಲ್ಲಿ ಒಪ್ಪಿತು. ಆದರೂ ಚವದಾರ್ ಕೆರೆಯ ಒಂದು ಬೊಗಸೆ ನೀರು ನಮ್ಮವರಿಗೆ ದಕ್ಕಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ನೀರು ಕುಡಿದರು. ಆಮೇಲೆ ನಮ್ಮವರಿಗೆ ಏಟು ಬಿತ್ತು. ಪುರಸಭೆ ಠರಾವನ್ನು ವಾಪಸ್ ತಗೊಂಡಿತು. ಬಾಂಬೆ ಹೈಕೋರ್ಟು ನಮ್ಮ ಹಕ್ಕನ್ನು ಎತ್ತಿಹಿಡಿದದ್ದು 1937ರಲ್ಲಿ. ಹತ್ತು ವರ್ಷ!

ಅದು ಹಳೇ ಕಾಲ ಅಂತೀರಾ? ಮೊಬೈಲಿನ ಕಾಲವನ್ನೇ ನೋಡೋಣ. 2016ರ ಜುಲೈ 11ರಂದು ಗುಜರಾತಿನ ಊನಾ ತಾಲೂಕಿನಲ್ಲಿ, ಸತ್ತ ದನದ ಚರ್ಮ ಸುಲಿದ ನಮ್ಮ ಹುಡುಗರನ್ನು ಕಾರಿಗೆ ಕಟ್ಟಿ ಹೊಡೆದರು. ವಿಡಿಯೋ ಹರಿಯಬಿಟ್ಟದ್ದೂ ಹೊಡೆದವರ ಕಡೆಯವರೇ, ನಮ್ಮನ್ನು ಹೆದರಿಸೋಕೆ. ನೋಡಿ ಅತ್ತು ಸುಮ್ಮನಾಗಿದ್ದರೆ ಆ ಹೆದರಿಕೆಯೇ ಗೆಲ್ಲುತ್ತಿತ್ತು. ಸುರೇಂದ್ರನಗರದ ಜನ ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿ ಮುಂದೆ ಸುರಿದರು. ಇನ್ನು ನಾವು ಎತ್ತೋದಿಲ್ಲ ಅಂದರು. ಅಹಮದಾಬಾದಿನಿಂದ ಊನಾಕ್ಕೆ ಜಾಥಾ ಹೋಗಿ ಆಗಸ್ಟ್ 15ರಂದು ಭೂಮಿ ಕೇಳಿದರು.

2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ದೌರ್ಜನ್ಯ ತಡೆ ಕಾಯ್ದೆಯ ಹಲ್ಲು ಕಿತ್ತಿತು. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಓಡಿತು. ಏಪ್ರಿಲ್ 2ರಂದು ಭಾರತ ಬಂದ್. ಬೀದಿಗಿಳಿದ ಹಲವರು ಪ್ರಾಣ ಬಿಟ್ಟರು. ಆಗಸ್ಟಿನಲ್ಲಿ ಸಂಸತ್ತು 18ಎ ಕಲಂ ಸೇರಿಸಿ ಕಾಯ್ದೆಗೆ ಬಲ ಕೊಟ್ಟಿತು. 2019ರಲ್ಲಿ ಕೋರ್ಟೂ ತನ್ನ ನಿರ್ದೇಶನಗಳನ್ನು ಹಿಂದಕ್ಕೆ ತಗೊಂಡಿತು.

ಹಾಗಾದರೆ ಮೊಬೈಲು ಬೇಡವಾ? ಬೇಕು. ಅದು ನಮ್ಮ ತಮಟೆ. ತಮಟೆ ಬಡಿದರೆ ಜನ ಸೇರ್ತಾರೆ. ಸೇರಿದ ಮೇಲೂ ಬಡೀತಾನೇ ಇದ್ದರೆ ಮಾತು ಯಾವಾಗ? ಕೆಲಸ ಯಾವಾಗ?

ಒಂದು ವಿಡಿಯೋ ಬಂದರೆ ಮೊದಲು ಕೇಳೋಣ: ಯಾವ ಊರು, ಯಾವ ಠಾಣೆ, ಎಫ್‌ಐಆರ್ ಆಯ್ತಾ? ಏಟು ತಿಂದವರ ಮುಖವನ್ನು ಅವರನ್ನು ಕೇಳದೆ ಊರಿಗೆಲ್ಲ ಹಂಚೋದು ಬೇಡ. ಹೇಳಿದ್ದನ್ನು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳೋದು, ದೂರು ದಾಖಲಿಸೋದು, ಕೂಡಲೇ ಪ್ರತಿ ಕೊಡೋದು ಪೊಲೀಸರ ಕರ್ತವ್ಯ. ಇದನ್ನು ಕಾಯ್ದೆಯ 4ನೇ ಕಲಂ ಹೇಳುತ್ತೆ. ಓದು ಬಾರದ ಅಪ್ಪ ಅವ್ವ ಠಾಣೆ ಬಾಗಿಲಲ್ಲಿ ಒಬ್ಬರೇ ನಿಂತು ಕಲಂ ಹೇಳೋಕಾಗುತ್ತಾ? ಓದಿದ ಇಬ್ಬರು ಪಕ್ಕದಲ್ಲಿದ್ದರೆ ಆಗುತ್ತೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಸೇರಿತಾ, ನಮ್ಮೂರಿನ ಕೇಸು ಮಾತಾಡಿದರಾ ಅಂತ ಅರ್ಜಿ ಹಾಕಿ ಕೇಳೋಣ.

ಹಾಸ್ಟೆಲ್ಲಿನ ಅನ್ನ ಉಂಡು ನಾವು ಕಲಿತ ನಾಲ್ಕಕ್ಷರ ಇಂಥ ಕಡೆ ಕೆಲಸಕ್ಕೆ ಬರಬೇಕು. ಸಭೆ ಮುಗಿದ ಮೇಲೆ ಎದ್ದು ಹೋಗಬೇಡಿ. ಪ್ರತಿ ಹಾಸ್ಟೆಲಿನಿಂದ ಇಬ್ಬರಂತೆ, ಠಾಣೆಗೆ ಜೊತೆ ಹೋಗುವವರ ಹೆಸರು ಬರೆಸಿ.

ಜೈ ಭೀಮ್.