ಭುಜದ ಪರೀಕ್ಷೆ: ಹೆದರಿಕೆಯನ್ನೂ ಹೇಳಿ

(ಮಹಿಳಾ ವೇದಿಕೆಯ ಲೋಣಾವಳಾ ಮಳೆಗಾಲದ ಕೂಟದಲ್ಲಿ ಆಡಿದ ಮಾತು)

ನಾನು ಡಾಕ್ಟರ್ ಅಲ್ಲ. ಎಂ.ಟೆಕ್ ಓದಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಆದರೂ ಭುಜ ಜಾರುವ ತೊಂದರೆಯ ಬಗ್ಗೆ ಮಾತಾಡುತ್ತೇನೆ ಅಂತ ನಾನಾಗಿಯೇ ಕೇಳಿಕೊಂಡೆ. ಅದಕ್ಕೆ ಕಾರಣ ಇದೇ ಲೋಣಾವಳಾ.

ಮೂರು ವರ್ಷದ ಹಿಂದೆ ಭೂಶಿ ಅಣೆಕಟ್ಟಿನ ಮೆಟ್ಟಿಲ ಮೇಲೆ, ಹರಿಯುವ ನೀರಿನಲ್ಲಿ ಕಾಲು ಜಾರಿತು. ಬಲಗೈ ಊರಿ ಬಿದ್ದೆ, ಭುಜದ ಕೀಲು ತಪ್ಪಿತು. ಜೊತೆಯಲ್ಲಿದ್ದವರೊಬ್ಬರು ಎಳೆದು ಕೂರಿಸಲು ಬಂದರು, ನಮ್ಮೆಜಮಾನ್ರು ಬಿಡಲಿಲ್ಲ. ಒಳ್ಳೆಯದೇ ಆಯಿತು. ಹಾಗೆ ಎಳೆದರೆ ನರಕ್ಕೆ, ಮೂಳೆಗೆ ಪೆಟ್ಟಾಗಬಹುದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಕೂರಿಸಿದರು.

ನೋವು ಹೋಯಿತು. ಆದರೆ ಜಡೆ ಹೆಣೆಯುವಾಗ, ಕಾರಿನ ಹಿಂದಿನ ಸೀಟಿನಿಂದ ಬ್ಯಾಗ್ ತೆಗೆಯುವಾಗ ಭುಜ ಇನ್ನೇನು ಕಳಚಿತು ಅನ್ನಿಸುತ್ತಿತ್ತು. ಮಗಳನ್ನು ಬಲಗೈಯಲ್ಲಿ ಎತ್ತುವುದನ್ನೇ ಬಿಟ್ಟೆ. ಡಾಕ್ಟರು ಕೈ ತಿರುಗಿಸಿ "ನೋವಿದೆಯಾ?" ಅಂದರೆ, ಹಲ್ಲು ಕಚ್ಚಿಕೊಂಡು "ಇಲ್ಲ, ಆರಾಮ್" ಅಂದೆ. ಒಂದು ರಾತ್ರಿ ಹೊದಿಕೆ ಎಳೆದುಕೊಳ್ಳುವಾಗ ಭುಜ ಮತ್ತೆ ಜಾರಿತು.

ನಮ್ಮ ಸಂಘದ ಆಟದಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟು ಓಡುತ್ತೇವಲ್ಲ, ಭುಜದ ಕೀಲೂ ಹಾಗೆಯೇ. ಗುಂಡು ದೊಡ್ಡದು, ಬಟ್ಟಲು ಆಳವಿಲ್ಲ. ಸುತ್ತಲಿನ ಮೆತ್ತನೆಯ ಅಂಚು, ಕಟ್ಟುಗಳು, ಸ್ನಾಯುಗಳೇ ಹಿಡಿದಿಡಬೇಕು.

ಎರಡನೆಯ ಡಾಕ್ಟರು ಮೊದಲು ಚೆನ್ನಾಗಿದ್ದ ಎಡಭುಜ ನೋಡಿದರು. ಆಮೇಲೆ ಹೆಬ್ಬೆರಳು ಮುಂಗೈಗೆ ತಾಕುತ್ತದೆಯಾ, ಮಂಡಿ ಬಗ್ಗಿಸದೆ ಅಂಗೈ ನೆಲ ಮುಟ್ಟುತ್ತದೆಯಾ ಅಂತ ನೋಡಿದರು. ಮೈಯ ಕೀಲುಗಳೆಲ್ಲ ಸಡಿಲವೇ ಎಂದು ಅಳೆಯುವ ಈ ಬೈಟನ್ ಅಂಕಕ್ಕೆ ಒಟ್ಟು 9. ಇಲ್ಲಿ 1924ರಿಂದ ಇರುವ ಕೈವಲ್ಯಧಾಮದಲ್ಲಿ ಯೋಗ ಕಲಿತವರು ಗಾಬರಿಯಾಗಬೇಡಿ. ಮೈ ಬಾಗುವುದಷ್ಟೇ ರೋಗವಲ್ಲ. ಕೀಲು ಹಿಡಿತ ತಪ್ಪಿ ತೊಂದರೆ ಕೊಟ್ಟರೆ ಮಾತ್ರ ಅದು ಅಸ್ಥಿರತೆ.

ಕೈಯನ್ನು ಕೆಳಕ್ಕೆ ಎಳೆದು ಭುಜದ ತುದಿಯಡಿ ತಗ್ಗು ಬೀಳುತ್ತದೆಯಾ ನೋಡಿದರು. ಇದು ಸಲ್ಕಸ್ ಪರೀಕ್ಷೆ. ಗುಂಡನ್ನು ಹಿಡಿದು ಹಿಂದೆ ಮುಂದೆ ಸರಿಸಿ ಎಷ್ಟು ಜಾರುತ್ತದೆ ಎಂದೂ ನೋಡಿದರು.

ಕೊನೆಗೆ ಮಲಗಿಸಿ, ತೋಳನ್ನು 90 ಡಿಗ್ರಿ ಪಕ್ಕಕ್ಕೆ ತಂದು, ಮೊಣಕೈ ಮಡಿಸಿ, ಮುಂಗೈಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರು. ಅವರು ನೋಡುತ್ತಿದ್ದದ್ದು ನನ್ನ ಮುಖವನ್ನು. "ನೋವು ಬಿಡಿ ಮೇಡಂ, ಹೆದರಿಕೆ ಆಗ್ತಿದೆಯಾ?" ಅಂದರು. ಅಷ್ಟು ಕೇಳಿದ್ದೇ ಕಣ್ಣಲ್ಲಿ ನೀರು ಬಂತು. "ಹೌದು, ನಿಲ್ಲಿಸಿ" ಅಂದೆ. ಭುಜದ ಮುಂಭಾಗವನ್ನು ಅಂಗೈಯಿಂದ ಹಿಂದಕ್ಕೆ ಒತ್ತಿ ಹಿಡಿದು, ಅದೇ ಕೈ ಮತ್ತೆ ತಿರುಗಿಸಿದರು. ಹೆದರಿಕೆ ಮಾಯ!

ಇವೇ ಅಪ್ರಿಹೆನ್ಷನ್ ಮತ್ತು ರಿಲೊಕೇಷನ್ ಪರೀಕ್ಷೆಗಳು. ಮೊದಲನೆಯದರ ಹೆಸರಿನ ಅರ್ಥವೇ ಅಂಜಿಕೆ. ಬರೀ ನೋವಿಗೆ ನೂರು ಕಾರಣ ಇರಬಹುದು. "ಈಗ ಕಳಚುತ್ತದೆ" ಎಂಬ ಹೆದರಿಕೆ ಅಸ್ಥಿರತೆಯನ್ನು ಹೆಚ್ಚು ಖಚಿತವಾಗಿ ತೋರಿಸುತ್ತದೆ. ಮುಂದೆ ಎಂಆರ್‌ಐಯಲ್ಲಿ ಬಟ್ಟಲಿನ ಮುಂದಿನ ಅಂಚು ಹರಿದದ್ದು ಕಂಡಿತು. ಇಂಗ್ಲೆಂಡಿನ ಶಸ್ತ್ರವೈದ್ಯ ಬ್ಯಾಂಕಾರ್ಟ್ 1923ರಲ್ಲೇ ಬರೆದ ಗಾಯ ಅದು, ಅವರ ಹೆಸರಿನಿಂದಲೇ ಕರೆಯುತ್ತಾರೆ. ನನಗೆ ಆಪರೇಷನ್ ಆಯಿತು, ತಿಂಗಳುಗಟ್ಟಲೆ ಫಿಸಿಯೋಥೆರಪಿಯೂ ಆಯಿತು. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಕೆಲವರಿಗೆ ವ್ಯಾಯಾಮವೇ ಸಾಕು.

ನಮ್ಮ ಕೆಲಸದಲ್ಲಿ ತಪ್ಪು ಮಾಹಿತಿ ಕೊಟ್ಟರೆ ಎಂಥ ಒಳ್ಳೆಯ ಟೆಸ್ಟೂ ಸುಳ್ಳು ಉತ್ತರ ಕೊಡುತ್ತದೆ. ಮೊದಲ ಸಲ ನಾನು ಮಾಡಿದ್ದೂ ಅದೇ. ಹೆಣ್ಣುಮಕ್ಕಳು ತಡೆದುಕೊಳ್ಳಬೇಕು ಎಂದು ಕಲಿತ ನಾವು ಪರೀಕ್ಷೆಯ ಮೇಜಿನ ಮೇಲೂ ತಡೆದುಕೊಳ್ಳುತ್ತೇವೆ. ದಯವಿಟ್ಟು ಅಲ್ಲಾದರೂ ಬೇಡ. ಈ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಿ ನೋಡಬೇಡಿ. ಭುಜ ತಪ್ಪಿದರೆ, ಕೈ ಜೋಮು ಹಿಡಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳದಿದ್ದರೂ ನೀವೇ "ಹೆದರಿಕೆ ಆಗುತ್ತಿದೆ" ಅನ್ನಿ.

ಇವತ್ತು ಬೆಳಿಗ್ಗೆ ಬಸ್ಸಿನಿಂದ ಮಗಳನ್ನು ಇಳಿಸಿಕೊಂಡದ್ದು ಇದೇ ಬಲಗೈಯಲ್ಲಿ.