ಬರೆಯುವ ಕೈಗೆ ಬಂದ ಸಂಶಯ



ಕಳೆದ ಶ್ರಾವಣದಲ್ಲಿ ಕಾಲೇಜು ಓದುವ ಹುಡುಗನೊಬ್ಬ ಶ್ರೀಮಠಕ್ಕೆ ಬಂದಿದ್ದ. ಪ್ರಸಾದವಾಗಿ ಎಲ್ಲರೂ ಹೋದ ಮೇಲೂ ಕಂಬದ ಹತ್ತಿರ ನಿಂತೇ ಇದ್ದ. ಕರೆದು ಕೇಳಿದೆವು. ಚೀಲದಿಂದ ಒಂದು ನೋಟುಬುಕ್ಕು ತೆಗೆದು ಮುಂದಿಟ್ಟ. ಎರಡು ವರ್ಷ ಬರೆದ ಕವಿತೆಗಳಂತೆ. ‘ಅಪ್ಪಾವರೇ, ಇದನ್ನು ಹೊಳೆಗೆ ಬಿಡಬೇಕೆಂದಿದ್ದೇನೆ. ದೊಡ್ಡವರು ಬರೆದದ್ದನ್ನು ಓದಿದೆ. ನನ್ನದನ್ನು ಓದಲು ನನಗೇ ನಾಚಿಕೆಯಾಗುತ್ತದೆ. ಇದು ನನ್ನಂಥವನ ಕೆಲಸವಲ್ಲ’ ಎಂದ. ಕಣ್ಣಲ್ಲಿ ನೀರಿತ್ತು.

ನಾವು ಅವನಿಗೆ ರೊಟ್ಟಿಯ ಮಾತು ಹೇಳಿದೆವು. ಈ ತಾಯಂದಿರ ಮುಂದೆ ನಾವು ರೊಟ್ಟಿಯ ವಿಷಯ ಹೇಳಹೋಗುವುದು ಅಧಿಕಪ್ರಸಂಗವೇ ಸರಿ. ಆದರೂ ಕೇಳಿರಿ. ಮನೆಯ ಮಗಳು ಮೊದಲ ಸಲ ಜೋಳದ ರೊಟ್ಟಿ ಬಡಿಯಲು ಕೂಡುತ್ತಾಳೆ. ಜೋಳದ ಹಿಟ್ಟಿಗೆ ಗೋದಿ ಹಿಟ್ಟಿನ ಜಿಗುಟಿಲ್ಲ. ಎಸರು ಕಡಿಮೆಯಾದರೆ ಅಂಚು ಸೀಳುತ್ತದೆ, ಹೆಚ್ಚಾದರೆ ಕೈಗೆ ಅಂಟುತ್ತದೆ. ಹಂಚಿಗೆ ಬೀಳುವ ಹೊತ್ತಿಗೆ ರೊಟ್ಟಿ ಎರಡು ತುಂಡು. ಅವಳಿಗೆ ಅಳು ಬರುತ್ತದೆ. ಯಾಕೆ? ಒಳ್ಳೆಯ ರೊಟ್ಟಿ ಹೇಗಿರುತ್ತದೆಂಬುದು ಅವಳ ನಾಲಗೆಗೆ ಹತ್ತು ವರ್ಷದಿಂದ ಗೊತ್ತು. ಕೈಗೆ ಇನ್ನೂ ಗೊತ್ತಿಲ್ಲ. ರುಚಿಯೇ ತಿಳಿಯದವಳಾಗಿದ್ದರೆ ಅವಳು ಅಳುತ್ತಲೇ ಇರಲಿಲ್ಲ.

‘ತಮ್ಮಾ, ನಿನ್ನ ನಾಚಿಕೆಯೂ ಅಂಥದೇ. ಓದಿ ಓದಿ ನಿನ್ನ ಕಿವಿ ಬೆಳೆದಿದೆ, ಕೈ ಹಿಂದೆ ಉಳಿದಿದೆ. ಹಿಂದೆ ಉಳಿಯಿತೆಂದು ಕೈಯನ್ನೇ ಕಡಿದುಕೊಳ್ಳುವರೇ? ನಾಳೆಯೂ ಹಿಟ್ಟು ನಾದಬೇಕು.’

‘ದೊಡ್ಡವರಿಗೆ ಹೀಗೆಲ್ಲ ಆಗಿರಲಿಕ್ಕಿಲ್ಲ’ ಎಂದ ಹುಡುಗ. ಕುವೆಂಪು ಅವರ ಮೊದಲ ಪುಸ್ತಕ ಕನ್ನಡದ್ದಲ್ಲ. 1922ರಲ್ಲಿ ಬಂದ ಇಂಗ್ಲಿಷ್ ಕವಿತೆಗಳು. ‘ಬಿಗಿನರ್ಸ್ ಮ್ಯೂಸ್’ ಎಂಬ ಹೆಸರಿನಲ್ಲೇ ಹೊಸಬನೆಂಬ ಮಾತಿದೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ರಿಗೆ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ಅವರು, ನಿಮ್ಮ ನುಡಿಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿ, ಕನ್ನಡದಲ್ಲಿ ಬರೆಯಲು ಹೇಳಿದರು. ಇಪ್ಪತ್ತರ ಹುಡುಗನಿಗೆ, ಇಷ್ಟು ದಿನ ನಡೆದ ದಾರಿಯನ್ನೇ ಬಿಡು ಎಂದಂತಾಯಿತು. ಅವರು ಲೇಖನಿಯನ್ನು ಬಿಡಲಿಲ್ಲ, ದಾರಿ ಬದಲಿಸಿದರು. ‘ಶ್ರೀ ರಾಮಾಯಣ ದರ್ಶನಂ’ ಪ್ರಕಟವಾದದ್ದು 1949ರಲ್ಲಿ. ನಡುವೆ ಇಪ್ಪತ್ತೈದು ವರ್ಷ! ನಮ್ಮ ಹುಡುಗ ಎರಡೇ ವರ್ಷಕ್ಕೆ ಹೊಳೆಯ ದಾರಿ ಹಿಡಿದಿದ್ದ.

‘ನನ್ನಂಥವನ ಕೆಲಸವಲ್ಲ’ ಎಂದನಲ್ಲ, ಆ ಮಾತು ಮಾತ್ರ ನಮಗೆ ಸೇರಲಿಲ್ಲ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿಮಾಡುವ ಮಾಚಯ್ಯ ವಚನ ಹೇಳಿದ ನಾಡು ಇದು. ಸೂಳೆ ಸಂಕವ್ವೆಯದು ನಮಗೆ ಉಳಿದಿರುವುದು ಒಂದೇ ಒಂದು ವಚನ. ಲೋಕ ಹೀಗಳೆಯುವ ತನ್ನ ವೃತ್ತಿಯ ಮಾತಿನಲ್ಲಿಯೇ ಆಕೆ ತನ್ನ ನಿಷ್ಠೆಯನ್ನು ಹೇಳಿದಳು. ಎಂಟುನೂರು ವರ್ಷದ ಮೇಲೂ ಅದನ್ನು ಓದುತ್ತಿದ್ದೇವೆ.

ಸಂಶಯ ಹೋಗಿಬಿಡುತ್ತದೆಂದು ನಾವು ಅವನಿಗೆ ಹೇಳಲಿಲ್ಲ. ಇಷ್ಟು ವರ್ಷ ಮಾತಾಡಿದ ನಮಗೇ, ಈ ವೇದಿಕೆ ಏರುವಾಗ, ಇಂದು ಏನು ಹೇಳುವುದೋ ಎಂಬ ಅಳುಕು ಇದ್ದೇ ಇರುತ್ತದೆ. ಅದು ಪಕ್ಕದಲ್ಲಿ ಕೂತಿರಲಿ, ನೀನು ದಿನಕ್ಕೊಂದು ಪುಟ ಬರೆ ಎಂದು ಹೇಳಿ, ನೋಟುಬುಕ್ಕನ್ನು ಮಠದಲ್ಲೇ ಇಟ್ಟುಕೊಂಡೆವು.

ಶಿವರಾತ್ರಿಗೆ ಮತ್ತೆ ಬಂದ. ಐದು ಹೊಸ ಕವಿತೆ ತಂದಿದ್ದ. ನಾಲ್ಕು ನಮಗೆ ಹಿಡಿಸಲಿಲ್ಲ, ಹಿಡಿಸಲಿಲ್ಲವೆಂದೇ ಹೇಳಿದೆವು. ತಾಯಿ ಬಾವಿಯಿಂದ ನೀರು ಸೇದುವುದನ್ನು ಕುರಿತ ಒಂದನ್ನು ಎರಡು ಸಲ ಓದಿಸಿ ಕೇಳಿದೆವು. ಹೊರಡುವಾಗ, ಹಳೆಯ ನೋಟುಬುಕ್ಕು ಬೇಕೇನಪ್ಪಾ ಎಂದೆವು.

‘ಇನ್ನೂ ಸ್ವಲ್ಪ ದಿನ ತಮ್ಮಲ್ಲೇ ಇರಲಿ ಅಪ್ಪಾವರೇ’ ಎಂದ.