ಶಾಲೆಯ ಮೇಜಿನ ಮೇಲೆ ಡಿ.ಎನ್.ಎ. ಬೆರಳಚ್ಚು



ಭಾರತದಲ್ಲಿ ಡಿ.ಎನ್.ಎ. ಬೆರಳಚ್ಚಿನ ಚರಿತ್ರೆ ನಾವು ಸೇರಿರುವ ಈ ಹೈದರಾಬಾದ್ ನಗರದಿಂದಲೇ ಆರಂಭವಾಗುತ್ತದೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರಿಸ್ ಅವರು ಇದರ ಮೂಲತತ್ತ್ವವನ್ನು ಕಂಡುಕೊಂಡದ್ದು 1984ರಲ್ಲಿ. ಇಲ್ಲಿಯ ಕೋಶ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರ, ಅಂದರೆ ನಮಗೆಲ್ಲ ಪರಿಚಿತವಾದ ಸಿ.ಸಿ.ಎಂ.ಬಿ., 1988ರಷ್ಟು ಹೊತ್ತಿಗೆ ತನ್ನದೇ ಆದ ವಿಧಾನವನ್ನು ರೂಪಿಸಿಕೊಂಡಿತು. ಆ ಕಾರ್ಯದ ನೇತೃತ್ವ ವಹಿಸಿದವರು ಡಾ. ಲಾಲ್‌ಜಿ ಸಿಂಗ್.

ಅದಾದ ಸ್ವಲ್ಪ ಕಾಲದಲ್ಲೇ ಕೇರಳದ ತಲಶ್ಶೇರಿಯ ನ್ಯಾಯಾಲಯದಲ್ಲಿ ಒಂದು ಮಗುವಿನ ಪಿತೃತ್ವದ ಪ್ರಶ್ನೆ ಎದ್ದಿತು. ತಾಯಿ ಜೀವನಾಂಶ ಬೇಡಿದ್ದಳು. ಮಗು ತನ್ನದಲ್ಲವೆಂದು ಪ್ರತಿವಾದಿ ವಾದಿಸಿದ್ದ. ರಕ್ತದ ಮಾದರಿಗಳು ಹೈದರಾಬಾದಿಗೆ ಬಂದವು. ಆತನೇ ತಂದೆಯೆಂದು ಪರೀಕ್ಷೆ ತೋರಿಸಿತು. 1991ರಲ್ಲಿ ಕೇರಳ ಉಚ್ಚ ನ್ಯಾಯಾಲಯವೂ ಆ ಸಾಕ್ಷ್ಯವನ್ನು ಎತ್ತಿಹಿಡಿಯಿತು. ಆ ಮಗುವಿನ ಅನ್ನ ಕೆಲವು ಕಪ್ಪು ಗೆರೆಗಳನ್ನು ಅವಲಂಬಿಸಿತ್ತು ಎಂದರೆ ತಪ್ಪಾಗಲಾರದು. ಇಂತಹ ಗೆರೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ಪದವಿಪೂರ್ವ ತರಗತಿಯ ವಿದ್ಯಾರ್ಥಿಯೂ ತನ್ನ ಕೈಯಾರೆ ಮಾಡಿ ತಿಳಿಯಬಹುದು ಎಂಬುದೇ ನನ್ನ ಇಂದಿನ ವಿಷಯ.

ಡಿ.ಎನ್.ಎ. ಎಂಬುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ದೀರ್ಘ ಬರಹ. ಈ ಬರಹದಲ್ಲಿ ನಿರ್ದಿಷ್ಟ ಪದವೊಂದನ್ನು ಹುಡುಕಿ ಅಲ್ಲಿಯೇ ಕತ್ತರಿಸುವ ಕಿಣ್ವಗಳು ಬ್ಯಾಕ್ಟೀರಿಯಾಗಳಲ್ಲಿವೆ. ತಮ್ಮ ಮೇಲೆ ದಾಳಿಯಿಡುವ ವೈರಸ್ಸುಗಳ ಡಿ.ಎನ್.ಎ.ಯನ್ನು ತುಂಡರಿಸುವುದು ಅವುಗಳ ಸಹಜ ಕೆಲಸ. ವೈರಸ್ಸಿನ ಬೆಳವಣಿಗೆಗೆ ನಿರ್ಬಂಧ ಒಡ್ಡುವುದರಿಂದ ಇವಕ್ಕೆ ನಿರ್ಬಂಧಕ ಕಿಣ್ವಗಳೆಂದು ಹೆಸರು. ಇಕೋ ಆರ್ ಒನ್ ಎಂಬ ಕಿಣ್ವ 'ಜಿಎಎಟಿಟಿಸಿ' ಎಂಬ ಪದವನ್ನು ಮಾತ್ರ ಗುರುತಿಸುತ್ತದೆ. ಎದುರಿನ ಎಳೆಯನ್ನು ಹಿಂದಿನಿಂದ ಓದಿದರೂ ಅದೇ ಪದ ಬರುತ್ತದೆ. ತೆನಾಲಿ ರಾಮಕೃಷ್ಣನ 'ವಿಕಟಕವಿ' ಎಂಬ ಬಿರುದನ್ನು ಬಲ್ಲ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ.

ತರಗತಿಗೆ ಲ್ಯಾಂಬ್ಡಾ ಎಂಬ ವೈರಸ್ಸಿನ ಡಿ.ಎನ್.ಎ. ಸೂಕ್ತ. ಅದು ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸೇ ಹೊರತು ಮನುಷ್ಯರಿಗಲ್ಲ. ಅದರ ಉದ್ದ 48,502 ಅಕ್ಷರ ಜೋಡಿಗಳು. ಇಕೋ ಆರ್ ಒನ್ ಅದನ್ನು ಐದು ಕಡೆ ಕತ್ತರಿಸಿ ಆರು ತುಂಡು ಮಾಡುತ್ತದೆ. ಹಿಂಡ್ ತ್ರೀ ಎಂಬ ಇನ್ನೊಂದು ಕಿಣ್ವ ಏಳು ಕಡೆ ಕತ್ತರಿಸಿ ಎಂಟು ತುಂಡು ಮಾಡುತ್ತದೆ. 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು ಒಂದು ಗಂಟೆ ಇಟ್ಟರೆ ಈ ಕೆಲಸ ಮುಗಿಯುತ್ತದೆ.

ತುಂಡುಗಳನ್ನು ಗಾತ್ರಾನುಸಾರ ಬೇರ್ಪಡಿಸುವುದು ಜೆಲ್ ಎಲೆಕ್ಟ್ರೋಫೊರೆಸಿಸ್‌ನ ಕೆಲಸ. ಕಡಲಪಾಚಿಯಿಂದ ತೆಗೆದ ಅಗರೋಸನ್ನು ಲವಣದ್ರಾವಣದಲ್ಲಿ ಕುದಿಸಿ ತಟ್ಟೆಗೆ ಸುರಿದರೆ, ಆರಿದ ಮೇಲೆ ಮಿಠಾಯಿಯ ಹಲಗೆಯಂತೆ ಗಟ್ಟಿಯಾಗುತ್ತದೆ. ಅದರ ಒಂದು ತುದಿಯ ಕುಳಿಗಳಿಗೆ ಮಾದರಿಗಳನ್ನು ತುಂಬಿ ವಿದ್ಯುತ್ ಹರಿಸಬೇಕು. ಡಿ.ಎನ್.ಎ.ಗೆ ಋಣ ವಿದ್ಯುದಂಶ ಇರುವುದರಿಂದ ಅದು ಧನಧ್ರುವದ ಕಡೆಗೆ ಸಾಗುತ್ತದೆ. ಜಾತ್ರೆಯ ಜನಸಂದಣಿಯಲ್ಲಿ ಚಿಕ್ಕ ಹುಡುಗ ನುಸುಳಿ ಮುಂದೆ ಹೋಗುವಂತೆ ಸಣ್ಣ ತುಂಡು ಮುಂದೆ ಹೋಗುತ್ತದೆ. ತಲೆಯ ಮೇಲೆ ಗಂಟು ಹೊತ್ತವನಂತೆ ದೊಡ್ಡ ತುಂಡು ಹಿಂದೆ ಉಳಿಯುತ್ತದೆ. 9 ವೋಲ್ಟಿನ ಐದು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೂ ಕೆಲಸ ನಡೆಯುತ್ತದೆ, ಆದರೆ ತಾಳ್ಮೆ ಬೇಕು. ವಿದ್ಯುತ್ ನಿಲ್ಲಿಸದೆ ಮುಚ್ಚಳ ತೆಗೆಯಕೂಡದು. ಗೆರೆಗಳಿಗೆ ಬಣ್ಣ ಕೊಡಲು ಮೆಥಿಲೀನ್ ಬ್ಲೂ ಸಾಕು; ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದ್ದ ಎಥಿಡಿಯಂ ಬ್ರೋಮೈಡ್ ಡಿ.ಎನ್.ಎ.ಗೇ ಅಂಟಿಕೊಳ್ಳುವ ವಸ್ತು, ಅದು ಮಕ್ಕಳ ಕೈಗೆ ತಕ್ಕದ್ದಲ್ಲ.

ಹಿಂಡ್ ತ್ರೀ ಸಾಲಿನಲ್ಲಿ ಎಂಟು ಗೆರೆಗಳಿಗೆ ಬದಲು ಸಾಮಾನ್ಯವಾಗಿ ಆರು ಮಾತ್ರ ಕಾಣುತ್ತವೆ. 564 ಮತ್ತು 125 ಜೋಡಿಗಳ ಪುಟ್ಟ ತುಂಡುಗಳು ಬಣ್ಣ ಹಿಡಿಯುವುದು ಅತ್ಯಲ್ಪ. ಆ ಎರಡು ತುಂಡುಗಳು ಎಲ್ಲಿ ಹೋದವೆಂದು ವಿದ್ಯಾರ್ಥಿ ಕೇಳಿದರೆ ಪಾಠ ಅರ್ಧ ಫಲಿಸಿತೆಂದೇ ನನ್ನ ಎಣಿಕೆ.

ಅನೇಕ ಶಾಲೆಗಳಲ್ಲಿ ಇದನ್ನು ಒಂದು ಪತ್ತೇದಾರಿ ಆಟವಾಗಿ ಮಾಡಿಸುತ್ತಾರೆ. ಒಂದು ನಳಿಕೆಗೆ 'ಘಟನಾ ಸ್ಥಳ' ಎಂದೂ ಉಳಿದವಕ್ಕೆ 'ಶಂಕಿತರು' ಎಂದೂ ಚೀಟಿ. ಆಟ ಒಳ್ಳೆಯದೇ. ಆದರೆ ಅಲ್ಲಿ ಬಹುಮಟ್ಟಿಗೆ ಒಂದೇ ಡಿ.ಎನ್.ಎ.ಯನ್ನು ಬೇರೆ ಬೇರೆ ಕಿಣ್ವಗಳಿಂದ ಕತ್ತರಿಸಿರುತ್ತಾರೆ. ನಿಜದಲ್ಲಿ ಬೇರೆ ಬೇರೆ ವ್ಯಕ್ತಿಗಳ ಡಿ.ಎನ್.ಎ.ಯನ್ನು ಒಂದೇ ಕಿಣ್ವದಿಂದ ಕತ್ತರಿಸಬೇಕು. ಇದನ್ನು ಮಕ್ಕಳಿಗೆ ಮುಚ್ಚಿಡಬಾರದು. ಇನ್ನೂ ಮುಖ್ಯವಾದ ವ್ಯತ್ಯಾಸ ಬೇರೆಯೇ ಇದೆ. ಮನುಷ್ಯನ ಡಿ.ಎನ್.ಎ.ಯಲ್ಲಿ ಸುಮಾರು 300 ಕೋಟಿ ಜೋಡಿಗಳಿವೆ. ಕಿಣ್ವ ಅದನ್ನು ಲಕ್ಷಾಂತರ ತುಂಡು ಮಾಡುವುದರಿಂದ ಜೆಲ್ ಮೇಲೆ ಗೆರೆಗಳೇ ಕಾಣುವುದಿಲ್ಲ, ಉದ್ದಕ್ಕೂ ಬಳಿದ ಮಸಿಯಂತೆ ಕಾಣುತ್ತದೆ.

ಆ ಮಸಿಯಿಂದ ಬೇಕಾದ ತುಂಡುಗಳನ್ನಷ್ಟೇ ಎತ್ತಿ ತೋರಿಸಲು ಒಂದು ಶೋಧಕ ಬೇಕು. ಹೈದರಾಬಾದಿನ ಶೋಧಕ ದೊರೆತ ಬಗೆ ಕುತೂಹಲಕರ. ಲಾಲ್‌ಜಿ ಸಿಂಗ್ ಅವರು ಹುಡುಕುತ್ತಿದ್ದುದು ಅಪರಾಧಿಯನ್ನಲ್ಲ, ಹಾವುಗಳಲ್ಲಿ ಗಂಡು ಹೆಣ್ಣು ನಿರ್ಧಾರವಾಗುವ ರೀತಿಯನ್ನು. ಎಡಿನ್‌ಬರೋದಲ್ಲಿ ಕೆಲಸ ಮಾಡುತ್ತಿದ್ದಾಗ ಅವರೂ ಅವರ ಸಂಗಡಿಗರೂ ಪಟ್ಟೆಗಳುಳ್ಳ ಹೆಣ್ಣು ಕಟ್ಟುಹಾವಿನಿಂದ ಪ್ರತ್ಯೇಕಿಸಿದ ಡಿ.ಎನ್.ಎ. ತುಣುಕಿಗೆ ಬಿ.ಕೆ.ಎಂ. ಎಂದು ಹೆಸರು. 'ಜಿಎಟಿಎ' ಎಂಬ ನಾಲ್ಕು ಅಕ್ಷರಗಳು ಅದರಲ್ಲಿ ಮತ್ತೆ ಮತ್ತೆ ಬರುತ್ತವೆ. ಈ ಪುನರಾವೃತ್ತಿ ಮನುಷ್ಯನಲ್ಲಿಯೂ ಇದೆ, ಅದರ ಉದ್ದ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತದೆ. ಹಾವಿನ ತುಣುಕು ಮನುಷ್ಯನ ಗುರುತು ಹೇಳುವ ಸಾಧನವಾದದ್ದು ಹೀಗೆ. 1996ರಲ್ಲಿ ಇದೇ ನಗರದಲ್ಲಿ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರ ಪ್ರತ್ಯೇಕವಾಗಿ ಸ್ಥಾಪನೆಯಾಯಿತು. ಈಗ ಕಿಣ್ವದಿಂದ ಕತ್ತರಿಸುವ ಬದಲು ಇಂತಹ ಕಿರು ಪುನರಾವೃತ್ತಿಗಳನ್ನು ಪಿ.ಸಿ.ಆರ್. ವಿಧಾನದಿಂದ ಹೆಚ್ಚಿಸಿ ಅಳೆಯುತ್ತಾರೆ. ತೀರ ಅಲ್ಪ ಮಾದರಿಯೂ ಸಾಕಾಗುತ್ತದೆ. ಗಾತ್ರದಿಂದ ಬೇರ್ಪಡಿಸುವ ತತ್ತ್ವ ಮಾತ್ರ ಬದಲಾಗಿಲ್ಲ.

ಗೆರೆಗಳು ಹೊಂದದಿದ್ದರೆ, ಮಾದರಿ ಸರಿಯಾಗಿದ್ದಲ್ಲಿ, ಆ ವ್ಯಕ್ತಿಯನ್ನು ಬಿಟ್ಟುಬಿಡಬಹುದು. ಹೊಂದಿದರೆ ಮಾತು ಮುಗಿಯುವುದಿಲ್ಲ. ಇನ್ನೊಬ್ಬನಲ್ಲಿ ಅದೇ ವಿನ್ಯಾಸ ಆಕಸ್ಮಿಕವಾಗಿ ಇರುವ ಸಂಭವವೆಷ್ಟು ಎಂದು ಲೆಕ್ಕ ಹಾಕಬೇಕು. ಒಬ್ಬ ವಿದ್ಯಾರ್ಥಿಗೆ ಗುಟ್ಟಾಗಿ ಹೇಳಿ ಎರಡು ನಳಿಕೆಗಳ ಚೀಟಿಗಳನ್ನು ಅದಲುಬದಲು ಮಾಡಿಸಿ ನೋಡಿ. ಆಗಲೂ ಗೆರೆಗಳು ಅಷ್ಟೇ ಸ್ಪಷ್ಟವಾಗಿ ಮೂಡುತ್ತವೆ, ನಿರಪರಾಧಿ ಸಿಕ್ಕಿಬೀಳುತ್ತಾನೆ. ರಕ್ತ ಸಂಗ್ರಹಿಸಿದವರಾರು, ಮೊಹರು ಹಾಕಿದವರಾರು, ಎಲ್ಲಿ ಇಟ್ಟಿದ್ದರು ಎಂದು ವಕೀಲರು ಕೇಳುವ ಪ್ರಶ್ನೆಗಳು ಬರಿಯ ತಕರಾರಲ್ಲವೆಂದು ಆ ತರಗತಿಗೆ ಮತ್ತೆ ಹೇಳಬೇಕಾಗಿಲ್ಲ.

ಮಕ್ಕಳ ಸ್ವಂತ ರಕ್ತವನ್ನು ಈ ಪ್ರಯೋಗಕ್ಕೆ ಬಳಸಬಾರದು. ಸೋಂಕಿನ ಭಯ ಒಂದು ಕಾರಣ. ಕುಟುಂಬದ ಅಂತರಂಗ ಇನ್ನೊಂದು. ಪಿತೃತ್ವ ನಿರ್ಧಾರಕ್ಕೆ ರಕ್ತಪರೀಕ್ಷೆಯನ್ನು ವಾಡಿಕೆಯಂತೆ ಆದೇಶಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 1993ರಲ್ಲಿಯೇ ಎಚ್ಚರಿಸಿದೆ. ಡಿ.ಎನ್.ಎ. ಮಾಹಿತಿಯ ಬಳಕೆಯನ್ನು ನಿಯಂತ್ರಿಸಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯನ್ನು 2023ರಲ್ಲಿ ಹಿಂತೆಗೆದುಕೊಳ್ಳಲಾಯಿತು.

ಅವಳಿ ಮಕ್ಕಳ ಗತಿಯೇನು ಎಂಬ ಪ್ರಶ್ನೆ ತರಗತಿಯಲ್ಲಿ ಖಂಡಿತ ಬರುತ್ತದೆ. ಒಂದೇ ಭ್ರೂಣದಿಂದ ಕವಲೊಡೆದ ಅವಳಿಗಳಾದರೆ ಈ ವಿಧಾನದಲ್ಲಿ ಇಬ್ಬರ ಗೆರೆಗಳೂ ಒಂದೇ. ಅವರನ್ನು ಬೇರೆ ಮಾಡಿ ಗುರುತಿಸಲು ಹಳೆಯ ಶಾಯಿಯ ಬೆರಳಚ್ಚಿಗೇ ಮರಳಬೇಕು.